ತಕ್ಕಡಿಗೆ ಸಿಗದ ಕಾಯಿಲೆ

ಗೃಹಪ್ರವೇಶದ ಊಟ. ಎರಡನೇ ಪಂಕ್ತಿ ಕೂತಿದೆ. ಕೋಸಂಬರಿ, ಪಲ್ಯ, ಚಿತ್ರಾನ್ನ ಬಡಿಸಿಯಾಗಿ ಅನ್ನದ ಬುಟ್ಟಿ ಸಾಲಿನುದ್ದಕ್ಕೂ ಬರುತ್ತಿದೆ. ಪಿಯುಸಿ ಓದುವ ಹುಡುಗಿಯೊಬ್ಬಳು ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು ‘ಸಾಕು ಸಾಕು’ ಎನ್ನುತ್ತಾಳೆ. ಆದರೂ ಬಿದ್ದ ಒಂದು ಹಿಡಿ ಅನ್ನವನ್ನು ಕಲಸಿ, ಹರಡಿ, ಮತ್ತೆ ಒಟ್ಟು ಮಾಡಿ, ಕೊನೆಗೆ ಎಲೆ ಮಡಿಚಿ ಮುಚ್ಚಿಬಿಡುತ್ತಾಳೆ. ‘ಏನೇ ಹೀಗೆ ಸೊರಗಿದ್ದೀಯ, ನಿಮ್ಮಮ್ಮ ಊಟ ಹಾಕಲ್ವೇನೇ?’ ಎಂದು ದೊಡ್ಡಮ್ಮ ಎದುರು ಸಾಲಿನಿಂದ ಕೇಳುತ್ತಾರೆ. ‘ಬಿಡಿ ಅಕ್ಕ, ಈಗಲೇ ಲಕ್ಷಣವಾಗಿದ್ದಾಳೆ. ಹೋದ ವರ್ಷ ಉಂಡೆ ಥರ ಇದ್ದಳು’ ಎನ್ನುತ್ತಾರೆ ಅತ್ತೆ. ನಾಲ್ಕು ಜನ ನಗುತ್ತಾರೆ.

ಅದೇ ಸಾಲಿನಲ್ಲಿ ಇನ್ನಿಬ್ಬರಿದ್ದಾರೆ. ಒಬ್ಬ, ಹೋಳಿಗೆಯ ಮೇಲೆ ಹೋಳಿಗೆ ಹಾಕಿಸಿಕೊಳ್ಳುತ್ತಿರುವ ಇಂಜಿನಿಯರಿಂಗ್ ಹುಡುಗ. ಕೈ ತೊಳೆದ ಕೂಡಲೇ ಅವನು ಮಹಡಿಯ ಬಚ್ಚಲುಮನೆಗೆ ಹೋಗಿ ಚಿಲಕ ಹಾಕಿಕೊಂಡದ್ದನ್ನು ಯಾರೂ ನೋಡುವುದಿಲ್ಲ. ಇನ್ನೊಬ್ಬರು ಮೈ ತುಂಬಿಕೊಂಡ ನಡುವಯಸ್ಸಿನ ಹೆಂಗಸು. ಪಂಕ್ತಿಯಲ್ಲಿ ಎಲ್ಲರಿಗಿಂತ ಕಡಿಮೆ ತಿಂದವರು ಅವರೇ. ಮನೆಯವರೆಲ್ಲ ಮಲಗಿದ ಮೇಲೆ ಅಡುಗೆಮನೆಯ ಕತ್ತಲಲ್ಲಿ ಡಬ್ಬಿಗಳ ಮುಂದೆ ನಿಂತು, ರುಚಿಯೂ ತಿಳಿಯದಂತೆ, ಹೊಟ್ಟೆ ನೋಯುವವರೆಗೆ ತಿನ್ನುವವರೂ ಅವರೇ.

ಮೂವರದ್ದೂ ಒಂದೇ ಗುಂಪಿಗೆ ಸೇರಿದ ಕಾಯಿಲೆ. ವೈದ್ಯರು ಅದನ್ನು ಈಟಿಂಗ್ ಡಿಸಾರ್ಡರ್ ಎನ್ನುತ್ತಾರೆ. ನೆಂಟರ ಕಣ್ಣಿಗೆ ಬಿದ್ದವಳು ಒಬ್ಬಳೇ, ಅದೂ ಅರ್ಧ ಹೊಗಳಿಕೆಯ ರೂಪದಲ್ಲಿ. ಹುಡುಗ ‘ಗಟ್ಟಿ ಆಳು’ ಎನಿಸಿಕೊಂಡ, ಹೆಂಗಸಿಗೆ ‘ವಾಕಿಂಗ್ ಹೋಗಿ’ ಎಂಬ ಸಲಹೆ ಸಿಕ್ಕಿತು. ಈ ಕಾಯಿಲೆಯ ಬಗ್ಗೆ ಓದುತ್ತಾ ಹೋದಂತೆ ನನಗೆ ಗಟ್ಟಿಯಾದ ಅಭಿಪ್ರಾಯ ಒಂದೇ: ಇದನ್ನು ಕಿಲೋ ಲೆಕ್ಕದಲ್ಲಿ ಅಳೆಯಲು ಹೋಗಿ ನಾವು ಅದು ಶುರುವಾದದ್ದನ್ನೂ ಗುರುತಿಸುವುದಿಲ್ಲ, ಮುಗಿಯದೇ ಉಳಿದದ್ದನ್ನೂ ಗುರುತಿಸುವುದಿಲ್ಲ.

ಹಳೆಯ ಕಾಯಿಲೆ, ಹೊಸ ಹೆಸರು

ಇದು ಇನ್‌ಸ್ಟಾಗ್ರಾಂ ಹುಟ್ಟಿಸಿದ ರೋಗ ಎಂಬ ಮಾತು ಸಲೀಸಾಗಿ ಬಾಯಿಗೆ ಬರುತ್ತದೆ. ಆದರೆ ಊಟ ಬಿಟ್ಟು ಎಲುಬು ಹಂದರವಾದ ಹದಿನೆಂಟರ ಹುಡುಗಿಯೊಬ್ಬಳನ್ನು ಲಂಡನ್ನಿನ ವೈದ್ಯ ರಿಚರ್ಡ್ ಮಾರ್ಟನ್ 1689ರಷ್ಟು ಹಿಂದೆಯೇ ವರ್ಣಿಸಿದ್ದ. ಅವಳಿಗೆ ಕ್ಷಯವಿರಲಿಲ್ಲ, ಜ್ವರವಿರಲಿಲ್ಲ. ಮನಸ್ಸಿನ ದುಗುಡವೇ ಕಾರಣವೆಂದು ಅವನು ಊಹಿಸಿದ. 1873ರಲ್ಲಿ ಲಂಡನ್ನಿನ ವಿಲಿಯಂ ಗಲ್ ಮತ್ತು ಪ್ಯಾರಿಸ್ಸಿನ ಶಾರ್ಲ್ ಲಾಸೆಗ್ ಇಬ್ಬರೂ ಬೇರೆ ಬೇರೆಯಾಗಿ ಇಂಥ ರೋಗಿಗಳ ಬಗ್ಗೆ ಬರೆದರು. ಗಲ್ ಇಟ್ಟ ‘ಅನೊರೆಕ್ಸಿಯಾ ನರ್ವೋಸಾ’ ಎಂಬ ಹೆಸರು ಉಳಿದುಕೊಂಡಿತು.

ಅನೊರೆಕ್ಸಿಯಾದಲ್ಲಿ ದಪ್ಪಗಾಗುವ ಭಯ ಎಷ್ಟು ಬಲವಾಗಿರುತ್ತದೆಂದರೆ, ಮೈ ಬಡಕಲಾದರೂ ಕನ್ನಡಿಯಲ್ಲಿ ದಪ್ಪವೇ ಕಾಣುತ್ತದೆ. ಬುಲಿಮಿಯಾದಲ್ಲಿ ಕೈಮೀರಿ ತಿನ್ನುವುದು, ಆಮೇಲೆ ವಾಂತಿ, ಭೇದಿಮಾತ್ರೆ, ಉಪವಾಸ ಅಥವಾ ಮಿತಿಮೀರಿದ ವ್ಯಾಯಾಮದಿಂದ ಅದನ್ನು ‘ಸರಿಮಾಡಿ’ಕೊಳ್ಳುವುದು ಒಂದರ ಹಿಂದೊಂದು ಸುತ್ತುತ್ತಿರುತ್ತವೆ. ಲಂಡನ್ನಿನ ಮನೋವೈದ್ಯ ಜೆರಾಲ್ಡ್ ರಸೆಲ್ ತಾನು ಕಂಡ 30 ರೋಗಿಗಳ ಆಧಾರದ ಮೇಲೆ 1979ರಲ್ಲಿ ಇದನ್ನು ಪ್ರತ್ಯೇಕವಾಗಿ ಗುರುತಿಸಿದ. ಮೂರನೆಯದು ಬಿಂಜ್ ಈಟಿಂಗ್. ಇಲ್ಲಿ ಕೈಮೀರಿದ ತಿನ್ನುವಿಕೆ ಇದೆ, ಆಮೇಲೆ ಹೊರಹಾಕುವ ಪ್ರಯತ್ನವಿಲ್ಲ, ನಾಚಿಕೆ ಮಾತ್ರ ಇದೆ. ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಇದಕ್ಕೆ ಸ್ವತಂತ್ರ ಸ್ಥಾನ ಸಿಕ್ಕಿದ್ದು 2013ರಲ್ಲಿ. ಮೂರರಲ್ಲಿ ಅತಿ ಹೆಚ್ಚು ಜನರನ್ನು ಹಿಡಿದಿರುವುದು ಹೀಗೆ ಕೊನೆಗೆ ಹೆಸರು ಪಡೆದ ಈ ಕಾಯಿಲೆಯೇ.

ಈ ತಡದ ಪರಿಣಾಮ ಅಂಕಿಸಂಖ್ಯೆಯಲ್ಲೂ ಕಾಣುತ್ತದೆ. 2019ರಲ್ಲಿ ಜಗತ್ತಿನಲ್ಲಿ ಸುಮಾರು 1.4 ಕೋಟಿ ಜನರಿಗೆ ಈಟಿಂಗ್ ಡಿಸಾರ್ಡರ್ ಇತ್ತು, ಅವರಲ್ಲಿ ಸುಮಾರು 30 ಲಕ್ಷ ಮಕ್ಕಳು ಮತ್ತು ಹದಿಹರೆಯದವರು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ಲೆಕ್ಕ ಅನೊರೆಕ್ಸಿಯಾ ಮತ್ತು ಬುಲಿಮಿಯಾಗಳದ್ದು ಮಾತ್ರ. ಬಿಂಜ್ ಈಟಿಂಗ್ ಮತ್ತು ಯಾವ ಚೌಕಟ್ಟಿಗೂ ಸರಿಯಾಗಿ ಕೂರದ ಉಳಿದ ಬಗೆಗಳನ್ನು ಸೇರಿಸಿದರೆ ಇನ್ನೂ 4.19 ಕೋಟಿ ಜನ ಲೆಕ್ಕದಿಂದ ಹೊರಗುಳಿದಿದ್ದಾರೆ ಎಂದು 2021ರ ಅಧ್ಯಯನವೊಂದು ಅಂದಾಜಿಸಿತು. ಎಣಿಸಿದವರಿಗಿಂತ ಎಣಿಸದೆ ಬಿಟ್ಟವರೇ ಮೂರು ಪಟ್ಟು!

ಮೂವತ್ತಾರು ಯುವಕರ ಹಸಿವು

ಈ ಕಾಯಿಲೆಯ ಒಳಮನೆ ಹೊಕ್ಕು ನೋಡಲು ನನಗೆ ಗೊತ್ತಿರುವ ಅತ್ಯುತ್ತಮ ಬಾಗಿಲು ಈಟಿಂಗ್ ಡಿಸಾರ್ಡರ್‌ಗೆ ಸಂಬಂಧವೇ ಇಲ್ಲದ ಒಂದು ಪ್ರಯೋಗ.

1944ರ ನವೆಂಬರ್. ಯುದ್ಧದಲ್ಲಿ ಹಸಿದು ಕಂಗಾಲಾದ ಯುರೋಪಿನ ಜನರಿಗೆ ಮತ್ತೆ ಊಟ ಹಾಕುವುದು ಹೇಗೆಂದು ತಿಳಿಯಬೇಕಿತ್ತು. ಅದಕ್ಕಾಗಿ ಅಮೆರಿಕದ ಮಿನೆಸೋಟಾ ವಿಶ್ವವಿದ್ಯಾಲಯದ ಶರೀರವಿಜ್ಞಾನಿ ಆನ್ಸೆಲ್ ಕೀಸ್ 36 ಯುವಕರನ್ನು ಆರಿಸಿಕೊಂಡ. ಎಲ್ಲರೂ ಬಂದೂಕು ಹಿಡಿಯಲು ಒಪ್ಪದೆ, ಅದಕ್ಕೆ ಬದಲಾಗಿ ಬೇರೆ ಸೇವೆಗೆ ಮುಂದೆ ಬಂದವರು. ದೇಹ ಮನಸ್ಸು ಎರಡೂ ಗಟ್ಟಿಯಾಗಿವೆ ಎಂದು ಪರೀಕ್ಷಿಸಿಯೇ ಅವರನ್ನು ತೆಗೆದುಕೊಂಡದ್ದು. ವಾಸ ವಿಶ್ವವಿದ್ಯಾಲಯದ ಫುಟ್‌ಬಾಲ್ ಕ್ರೀಡಾಂಗಣದ ಅಡಿಯ ಕೋಣೆಗಳಲ್ಲಿ. ಮೊದಲ ಮೂರು ತಿಂಗಳು ಸರಿಯಾದ ಊಟ. ಆಮೇಲೆ 24 ವಾರ ಅದರ ಅರ್ಧದಷ್ಟು: ಆಲೂಗಡ್ಡೆ, ಟರ್ನಿಪ್, ಬ್ರೆಡ್, ಮ್ಯಾಕರೋನಿ. ಅದರ ಮೇಲೆ ವಾರಕ್ಕೆ 22 ಮೈಲಿ ನಡಿಗೆ. ಮೈತೂಕದ ಕಾಲು ಭಾಗ ಇಳಿಯಿತು.

ತೂಕ ಇಳಿದದ್ದರಲ್ಲಿ ಆಶ್ಚರ್ಯವಿಲ್ಲ. ಮನಸ್ಸಿಗೆ ಆದದ್ದು ಯಾರೂ ನಿರೀಕ್ಷಿಸದ್ದು. ಅವರು ಅಡುಗೆ ಪುಸ್ತಕಗಳನ್ನು ಕೂಡಿಹಾಕತೊಡಗಿದರು, ಕಾದಂಬರಿಯಂತೆ ಓದತೊಡಗಿದರು. ಹತ್ತು ನಿಮಿಷದ ಊಟವನ್ನು ಗಂಟೆಗಟ್ಟಲೆ ಎಳೆದರು, ಬೇರೆ ಬೇರೆ ಪದಾರ್ಥ ಕಲಸಿ ನೀರು ಹಾಕಿ ಹೆಚ್ಚಿಸಿಕೊಂಡರು, ತಟ್ಟೆ ನೆಕ್ಕಿದರು. ಬೇಸಿಗೆಯಲ್ಲೂ ಚಳಿ. ಗೆಳತಿಯರ ಮೇಲಿನ ಆಸೆ ಇಂಗಿತು. ತಮಾಷೆ ನಿಂತಿತು, ಸಿಡುಕು ಹೆಚ್ಚಿತು, ಒಬ್ಬೊಬ್ಬರೇ ಕೂರುವುದು ರೂಢಿಯಾಯಿತು. ಕೆಲವರು ನಿಯಮ ಮುರಿದು ಹೊರಗೆ ಕೈಮೀರಿ ತಿಂದು ಆಮೇಲೆ ತಮ್ಮನ್ನೇ ಹಳಿದುಕೊಂಡರು. ಮತ್ತೆ ಬೇಕಾದಷ್ಟು ಊಟ ಕೊಡಲು ಶುರುಮಾಡಿದಾಗ, ಹೊಟ್ಟೆ ಬಿರಿಯುವಷ್ಟು ತಿಂದ ಮೇಲೂ ಹಸಿವು ಹೋಗಲಿಲ್ಲ ಎಂದವರಿದ್ದರು. ಮೊದಲಿನಂತಾಗಲು ಕೆಲವರಿಗೆ ಎರಡು ತಿಂಗಳು ಸಾಕಾಯಿತು, ಕೆಲವರಿಗೆ ಎರಡು ವರ್ಷ ಬೇಕಾಯಿತು. ಪ್ರಯೋಗ ಮುಗಿದ ಮೇಲೆ ಮೂವರು ವೃತ್ತಿ ಬದಲಿಸಿ ಬಾಣಸಿಗರೇ ಆದರು.

ಈ ಯುವಕರಲ್ಲಿ ಯಾರಿಗೂ ತೆಳ್ಳಗಾಗುವ ಹುಚ್ಚಿರಲಿಲ್ಲ. ಆದರೂ ಅನೊರೆಕ್ಸಿಯಾ ಬಂದ ಮಗಳ ಬಗ್ಗೆ ತಾಯಿ ಹೇಳುವ ದೂರುಗಳೆಲ್ಲ ಇಲ್ಲಿವೆ. ದಿನವಿಡೀ ಯೂಟ್ಯೂಬಿನಲ್ಲಿ ಅಡುಗೆ ವಿಡಿಯೊ ನೋಡುತ್ತಾಳೆ, ಮನೆಯವರಿಗೆಲ್ಲ ಕೇಕ್ ಮಾಡಿ ಬಡಿಸುತ್ತಾಳೆ, ತಾನು ಮುಟ್ಟುವುದಿಲ್ಲ, ಮಾತನಾಡಿಸಿದರೆ ಹಾಯುತ್ತಾಳೆ. ಮನೆಯವರು ಹಟ, ಕೊಬ್ಬು, ಅಹಂಕಾರ ಎಂದು ಕರೆಯುವುದರಲ್ಲಿ ದೊಡ್ಡ ಪಾಲು ಹಸಿದ ಮಿದುಳಿನ ಸ್ವಭಾವ. ಹೊಟ್ಟೆಗೆ ಬೀಳದೆ ಬುದ್ಧಿಮಾತು ತಲೆಗೆ ಇಳಿಯುವುದಿಲ್ಲ ಎಂದು ಚಿಕಿತ್ಸಕರು ಹೇಳುವುದು ಇದಕ್ಕೇ.

ಹಾಗಾದರೆ ಡಯಟ್ ಮಾಡಿದವರೆಲ್ಲ ಈ ಸುಳಿಗೆ ಏಕೆ ಸಿಕ್ಕುವುದಿಲ್ಲ? ಉತ್ತರದ ಒಂದು ಭಾಗ ರಕ್ತದಲ್ಲೇ ಇದೆ. 2019ರಲ್ಲಿ ಸುಮಾರು 17,000 ಅನೊರೆಕ್ಸಿಯಾ ರೋಗಿಗಳ ವಂಶವಾಹಿಗಳನ್ನು ಕಾಯಿಲೆಯಿಲ್ಲದ 55,000 ಜನರದ್ದರೊಂದಿಗೆ ಹೋಲಿಸಿದ ಅಂತರರಾಷ್ಟ್ರೀಯ ತಂಡ ಕಾಯಿಲೆಗೆ ನಂಟಿರುವ ಎಂಟು ತಾಣಗಳನ್ನು ಗುರುತಿಸಿತು. ಅವು ಮನಸ್ಸಿನ ಕಾಯಿಲೆಗಳ ಜೊತೆಗಷ್ಟೇ ಅಲ್ಲ, ದೇಹ ಶಕ್ತಿಯನ್ನು ಬಳಸಿಕೊಳ್ಳುವ ಬಗೆಯ ಜೊತೆಗೂ ಹೆಣೆದುಕೊಂಡಿದ್ದವು. ಅಮ್ಮ ಸಾಕಿದ ರೀತಿ ಸರಿಯಿಲ್ಲ ಎಂದು ದಶಕಗಳ ಕಾಲ ಬೆರಳು ತೋರಿಸಿದವರು ಈ ಭಾಗವನ್ನು ಎರಡು ಸಲ ಓದಬೇಕು.

ದೇಹ ಕೊಡುವ ಬೆಲೆ

ಬರಗಾಲ ಬಿದ್ದ ಮನೆಯಲ್ಲಿ ಮೊದಲು ಹಬ್ಬ ನಿಲ್ಲುತ್ತದೆ, ಆಮೇಲೆ ದುರಸ್ತಿ, ಕೊನೆಗೆ ಒಲೆ. ದೇಹವೂ ಅದೇ ಕ್ರಮದಲ್ಲಿ ಖರ್ಚು ಇಳಿಸುತ್ತದೆ. ಮುಟ್ಟು ನಿಲ್ಲುತ್ತದೆ, ಕೂದಲು ಉದುರುತ್ತದೆ, ಕೈಕಾಲು ತಣ್ಣಗಾಗುತ್ತವೆ, ಕರುಳು ನಿಧಾನವಾಗಿ ಮಲಬದ್ಧತೆ ಶುರುವಾಗುತ್ತದೆ. ನಂತರ ಹೃದಯದ ಸರದಿ. ಹಗಲಲ್ಲಿ ಎಚ್ಚರವಿದ್ದಾಗಲೂ ನಾಡಿ ನಿಮಿಷಕ್ಕೆ 50ಕ್ಕಿಂತ ಕೆಳಗಿಳಿದ ಹದಿಹರೆಯದವರನ್ನು ಆಸ್ಪತ್ರೆಗೆ ಸೇರಿಸಬೇಕೆಂಬುದು ವೈದ್ಯರು ಅನುಸರಿಸುವ ಮಾನದಂಡಗಳಲ್ಲಿ ಒಂದು.

ಇವುಗಳಲ್ಲಿ ಬಹುಪಾಲು ತಿಂದರೆ ಸರಿಹೋಗುತ್ತವೆ. ಕುಗ್ಗಿದ ಮಿದುಳೂ ತೂಕ ಬಂದಂತೆ ಬಹುಮಟ್ಟಿಗೆ ತುಂಬಿಕೊಳ್ಳುತ್ತದೆ. ಹಠಮಾರಿಯಾದದ್ದು ಮೂಳೆ. ಜೀವಮಾನಕ್ಕೆ ಬೇಕಾದ ಮೂಳೆಯ ಗಟ್ಟಿತನದ ಹೆಚ್ಚಿನ ಪಾಲನ್ನು ನಾವು ಹದಿಹರೆಯದಲ್ಲೇ ಕೂಡಿಡುತ್ತೇವೆ. ಆ ವರ್ಷಗಳು ಹಸಿವಿನಲ್ಲಿ ಕಳೆದರೆ ಕಾಯಿಲೆ ವಾಸಿಯಾಗಿ ಎಷ್ಟೋ ಕಾಲವಾದ ಮೇಲೂ ಸಣ್ಣ ಎಡವಿಗೆ ಮೂಳೆ ಮುರಿಯಬಹುದು.

ಬುಲಿಮಿಯಾದ ಅಪಾಯ ಬೇರೆ ಬಗೆಯದು. ಪದೇ ಪದೇ ವಾಂತಿಯಾದರೆ ರಕ್ತದ ಪೊಟ್ಯಾಸಿಯಂ ಇಳಿಯುತ್ತದೆ, ಪೊಟ್ಯಾಸಿಯಂ ಇಳಿದರೆ ಹೃದಯದ ಲಯ ತಪ್ಪುತ್ತದೆ. ಹೊರಗಿನಿಂದ ನೋಡಿದರೆ ಆರೋಗ್ಯವಾಗಿಯೇ ಇರುವ ವ್ಯಕ್ತಿ ಕುಸಿದು ಬೀಳಲು ಅಷ್ಟು ಸಾಕು. ಹೊಟ್ಟೆಯ ಆಮ್ಲಕ್ಕೆ ಮೇಲಿನ ಮುಂಹಲ್ಲುಗಳ ಹಿಂಬದಿಯ ಎನಾಮಲ್ ಕರಗುತ್ತದೆ. ಹೀಗಾಗಿ ಕಾಯಿಲೆಯನ್ನು ಮೊದಲು ಪತ್ತೆ ಹಚ್ಚುವವರು ಎಷ್ಟೋ ಸಲ ಡೆಂಟಿಸ್ಟ್.

ಟೈಪ್ 1 ಮಧುಮೇಹ ಇರುವ ಹದಿಹರೆಯದವರಲ್ಲಿ ಇನ್ನೊಂದು ಅಪಾಯವಿದೆ. ತೂಕದ ಭಯಕ್ಕೆ ಇನ್ಸುಲಿನ್ ತಪ್ಪಿಸುವವರಿದ್ದಾರೆ. ಕಣ್ಣು, ಕಿಡ್ನಿಗಳ ತೊಂದರೆ ಅವರಿಗೆ ಬೇಗ ಬರುತ್ತದೆ.

36 ಅಧ್ಯಯನಗಳನ್ನು ಒಟ್ಟು ಮಾಡಿ 2011ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಅನೊರೆಕ್ಸಿಯಾ ಇರುವವರ ಸಾವಿನ ಪ್ರಮಾಣ ಅದೇ ವಯಸ್ಸಿನ ಉಳಿದವರಿಗಿಂತ ಸುಮಾರು ಆರು ಪಟ್ಟು ಹೆಚ್ಚು. ಬುಲಿಮಿಯಾದಲ್ಲಿ ಎರಡು ಪಟ್ಟಿನ ಹತ್ತಿರ. ಅನೊರೆಕ್ಸಿಯಾದಿಂದ ಸತ್ತ ಐವರಲ್ಲಿ ಒಬ್ಬರದ್ದು ಆತ್ಮಹತ್ಯೆ. ಮನಸ್ಸಿನ ಕಾಯಿಲೆಗಳಲ್ಲಿ ಇಷ್ಟು ಜೀವ ತೆಗೆಯುವವು ಕೆಲವೇ ಕೆಲವು.

ತೂಕ ಮರಳಿ ಬಂದರೆ ಗಂಡಾಂತರ ಕಳೆಯಿತೆಂದು ಕೂಡ ಅಲ್ಲ. ಅಮೆರಿಕದ ಗಾಯಕಿ ಕ್ಯಾರನ್ ಕಾರ್ಪೆಂಟರ್ 1982ರಲ್ಲಿ ನ್ಯೂಯಾರ್ಕಿನ ಆಸ್ಪತ್ರೆಯಲ್ಲಿ ತೂಕ ಏರಿಸಿಕೊಂಡು ಕ್ಯಾಲಿಫೋರ್ನಿಯಾಕ್ಕೆ ಮರಳಿದಳು. ಮನೆಯವರು ಉಸಿರುಬಿಟ್ಟರು. 1983ರ ಫೆಬ್ರವರಿ 4ರಂದು ಅವಳ ಹೃದಯ ನಿಂತಿತು. ವಯಸ್ಸು 32. ಈ ಕಾಯಿಲೆಯ ಹೆಸರು ಪತ್ರಿಕೆ ಓದುವ ಸಾಮಾನ್ಯ ಜನರಿಗೆ ತಿಳಿದದ್ದೇ ಆ ಸಾವಿನ ನಂತರ.

ಹಾಗೆಯೇ, ತೀರಾ ದಪ್ಪಗಿದ್ದವರು ಬೇಗ ಬೇಗ ಇಳಿದು ‘ನಾರ್ಮಲ್’ ತೂಕಕ್ಕೆ ಬಂದಾಗ ಅವರ ನಾಡಿಯೂ ಅಪಾಯದ ಮಟ್ಟಕ್ಕೆ ಇಳಿದಿರಬಹುದು. ಎಷ್ಟು ತೂಗುತ್ತಾರೆ ಎನ್ನುವುದಕ್ಕಿಂತ ಎಷ್ಟು ಬೇಗ, ಎಷ್ಟು ಕಳೆದುಕೊಂಡರು ಎನ್ನುವುದು ಮುಖ್ಯ. ಇವರನ್ನು ಮನೆಯಲ್ಲಿ, ಆಫೀಸಿನಲ್ಲಿ, ಕೆಲವು ಸಲ ಕ್ಲಿನಿಕ್ಕಿನಲ್ಲೂ ಅಭಿನಂದಿಸಿ ಕಳಿಸಲಾಗುತ್ತದೆ.

‘ನಾನು ಚೆನ್ನಾಗೇ ಇದ್ದೀನಿ’

ಬದುಕಿನ ಗುಣಮಟ್ಟವನ್ನು ಅಳೆಯಲು ವಿಶ್ವ ಆರೋಗ್ಯ ಸಂಸ್ಥೆ ತೊಂಬತ್ತರ ದಶಕದಲ್ಲಿ ಒಂದು ಪ್ರಶ್ನಾವಳಿ ರೂಪಿಸಿತು. ಅದನ್ನು ಕಟ್ಟಿದ ಜಗತ್ತಿನ ಕೇಂದ್ರಗಳಲ್ಲಿ ಚೆನ್ನೈ ಮತ್ತು ದೆಹಲಿ ಕೂಡ ಇದ್ದವು. ಚಿಕ್ಕ ಆವೃತ್ತಿಯಲ್ಲಿ 26 ಪ್ರಶ್ನೆ: ದೇಹ, ಮನಸ್ಸು, ಸಂಬಂಧ, ಸುತ್ತಲಿನ ಪರಿಸರ. ಉತ್ತರಿಸಬೇಕಾದವರು ಸ್ವತಃ ಆ ವ್ಯಕ್ತಿ, ಅವರ ಪರವಾಗಿ ವೈದ್ಯರಾಗಲಿ ಗಂಡನಾಗಲಿ ಅಲ್ಲ. ಬದುಕು ಹೇಗಿದೆ ಎಂದು ಹೇಳುವ ಹಕ್ಕು ಬದುಕುವವರದ್ದು ಎಂಬ ಒಳ್ಳೆಯ ತತ್ವ ಇದರ ಹಿಂದಿದೆ.

ಅನೊರೆಕ್ಸಿಯಾದ ಎದುರು ಆ ತತ್ವ ತಬ್ಬಿಬ್ಬಾಗುತ್ತದೆ. ನಾಡಿ 45ಕ್ಕಿಳಿದ, ಮೆಟ್ಟಿಲು ಹತ್ತಲು ಏದುಸಿರು ಬಿಡುವ ಹುಡುಗಿ ‘ನಾನು ಚೆನ್ನಾಗೇ ಇದ್ದೀನಿ’ ಎಂದು ಬರೆಯುತ್ತಾಳೆ. ಇದು ಸುಳ್ಳಲ್ಲ. ಕಾಯಿಲೆ ಅವಳಿಗೆ ಸಾಧನೆಯಂತೆ, ಹಿಡಿತದಂತೆ, ಉಳಿದೆಲ್ಲ ಕೈತಪ್ಪಿದಾಗ ತನ್ನದಾಗಿ ಉಳಿದ ಒಂದೇ ಒಂದು ವಸ್ತುವಿನಂತೆ ಕಾಣುತ್ತಿರುತ್ತದೆ. ಬುಲಿಮಿಯಾ ಅಥವಾ ಬಿಂಜ್ ಈಟಿಂಗ್ ಇರುವವರು ತಮ್ಮ ಸಂಕಟವನ್ನು ಇದಕ್ಕಿಂತ ಬಿಚ್ಚಿ ಹೇಳುತ್ತಾರೆಂದು, ಅನೊರೆಕ್ಸಿಯಾ ರೋಗಿಗಳ ಉತ್ತರ ಅವರ ಸ್ಥಿತಿಗೆ ಹೋಲಿಸಿದರೆ ಅನುಮಾನ ಬರುವಷ್ಟು ಹಗುರವೆಂದು ಹಲವು ಅಧ್ಯಯನಗಳು ಗಮನಿಸಿವೆ. ಚಿಕಿತ್ಸೆ ಶುರುವಾಗಿ ತೂಕ ಏರತೊಡಗಿದಾಗ ಸಂಕಟ ಕಡಿಮೆಯಾಗುವ ಬದಲು ಹೆಚ್ಚುವುದೂ ಉಂಟು. ಮಗಳು ಮೊದಲೇ ಸುಖವಾಗಿದ್ದಳೇನೋ ಎಂದು ಅಪ್ಪ ಅಮ್ಮ ಅಳುಕಿ ಚಿಕಿತ್ಸೆ ಬಿಡಿಸುವುದು ಈ ಹಂತದಲ್ಲೇ.

ಹೀಗಾಗಿ 2006ರ ಹೊತ್ತಿಗೆ ಈ ಕಾಯಿಲೆಗೆಂದೇ ಬೇರೆ ಪ್ರಶ್ನಾವಳಿ ಬಂತು. ಅದು ಹಣ, ಓದು, ಕೆಲಸಗಳ ಬಗ್ಗೆಯೂ ನೇರವಾಗಿ ಕೇಳುತ್ತದೆ. ಅಂಥ ಪ್ರಶ್ನೆಗಳಿಗೆ ಬರುವ ಉತ್ತರಗಳಲ್ಲಿ ಕಾಯಿಲೆಯ ನಿಜವಾದ ವಿಸ್ತಾರ ಕಾಣಸಿಗುತ್ತದೆ. ಪರೀಕ್ಷೆಗೆ ಓದುವಾಗ ಒಂದೇ ಪುಟದ ಮೇಲೆ ಕಣ್ಣು ನಿಂತಿರುತ್ತದೆ. ತಲೆಯಲ್ಲಿ ಮಧ್ಯಾಹ್ನದ ಚಪಾತಿಯ ಲೆಕ್ಕ. ಗೆಳತಿಯ ಹುಟ್ಟುಹಬ್ಬಕ್ಕೆ ಹೋದರೆ ಕೇಕ್ ತಿನ್ನಿಸುತ್ತಾರೆ, ಆದ್ದರಿಂದ ಜ್ವರ ಎಂದು ಹೇಳುವುದು. ಕಾಲೇಜು ಟೂರ್ ಎಂದರೆ ಮೂರು ದಿನ ಎಲ್ಲರ ಜೊತೆ ಊಟ, ಆದ್ದರಿಂದ ಟೂರೇ ಬೇಡ. ತಿಂಗಳ ಸಂಬಳ ಬಂದ ವಾರದಲ್ಲೇ ಸ್ವಿಗ್ಗಿ, ಝೊಮ್ಯಾಟೊಗಳಿಗೆ ಕರಗುತ್ತದೆ, ಖಾಲಿ ಡಬ್ಬಿಗಳನ್ನು ರೂಮ್‌ಮೇಟ್‌ಗೆ ಕಾಣದಂತೆ ಹೊರಹಾಕುವುದೇ ಒಂದು ಕೆಲಸವಾಗುತ್ತದೆ. ಮದುವೆಯಾದವರು ಹತ್ತಾರು ವರ್ಷ ಸಂಗಾತಿಯಿಂದಲೂ ಮುಚ್ಚಿಡುತ್ತಾರೆ. ಗೆಳೆತನ, ಪ್ರೀತಿ, ಬಡ್ತಿ ಎಲ್ಲವೂ ಊಟದ ಮೇಜಿನ ಸುತ್ತಲೇ ಬೆಳೆಯುವುದರಿಂದ, ಮೇಜಿನಿಂದ ದೂರ ಸರಿದವರ ಬದುಕು ಕಿರಿದಾಗುತ್ತಾ ಹೋಗುತ್ತದೆ.

ಮನೆಯವರ ಬದುಕೂ ಕುಗ್ಗುತ್ತದೆ. ಪ್ರತಿ ಊಟವೂ ಜಗಳ. ಅಮ್ಮ ಕೆಲಸ ಬಿಡುತ್ತಾಳೆ. ತಮ್ಮ ತನ್ನ ಪಾಡಿಗೆ ರೂಮಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ತಿನ್ನುತ್ತಾನೆ, ಅವನನ್ನು ವಿಚಾರಿಸಲು ಯಾರಿಗೂ ಪುರುಸೊತ್ತಿಲ್ಲ.

ನಮ್ಮೂರಲ್ಲೂ

ಇದು ಬಿಳಿಯರ, ಶ್ರೀಮಂತರ, ಹುಡುಗಿಯರ ಕಾಯಿಲೆ ಎಂಬ ನಂಬಿಕೆ ಬಹುಕಾಲ ವೈದ್ಯರಲ್ಲೂ ಇತ್ತು. ಅದನ್ನು ಅಲುಗಾಡಿಸಿದ್ದು ಪೆಸಿಫಿಕ್ ಸಾಗರದ ಫಿಜಿ ದ್ವೀಪ. ಮೈ ತುಂಬಿಕೊಂಡಿರುವುದೇ ಅಂದ ಎನ್ನುವ ಊರದು. 1995ರಲ್ಲಿ ಅಲ್ಲಿನ ನಡ್ರೋಗಾ ಪ್ರದೇಶಕ್ಕೆ ಟಿವಿ ಬಂತು. ಆಗ ಮತ್ತು ಮೂರು ವರ್ಷದ ನಂತರ ಮಾನವಶಾಸ್ತ್ರಜ್ಞೆ ಆ್ಯನ್ ಬೆಕರ್ ಶಾಲಾ ಹುಡುಗಿಯರನ್ನು ಮಾತನಾಡಿಸಿದಳು. ತೂಕ ಇಳಿಸಲು ವಾಂತಿ ಮಾಡಿಕೊಳ್ಳುತ್ತೇವೆ ಎಂದವರು ಮೊದಲು ಒಬ್ಬರೂ ಇರಲಿಲ್ಲ. 1998ರಲ್ಲಿ ಅವರ ಪ್ರಮಾಣ ಶೇ 11.3. ಇದೇ ಹೊತ್ತಿಗೆ ಹಾಂಗ್‌ಕಾಂಗಿನ ಮನೋವೈದ್ಯ ಸಿಂಗ್ ಲೀ ಇನ್ನೊಂದು ಬಗೆಯನ್ನು ತೋರಿಸಿಕೊಟ್ಟಿದ್ದ. ಅವನ ರೋಗಿಗಳಲ್ಲಿ ಹಲವರಿಗೆ ದಪ್ಪಗಾಗುವ ಭಯವೇ ಇರಲಿಲ್ಲ. ಹೊಟ್ಟೆ ಉಬ್ಬರಿಸುತ್ತದೆ, ಹಸಿವಿಲ್ಲ ಎಂದಷ್ಟೇ ಹೇಳಿ ಊಟ ಬಿಟ್ಟಿದ್ದರು.

ನಮ್ಮಲ್ಲಿ ಬಹಳ ರೋಗಿಗಳು ಬಾಗಿಲು ತಟ್ಟುವುದು ಈ ಎರಡನೇ ಮಾತಿನಿಂದ. ‘ಗ್ಯಾಸ್ಟ್ರಿಕ್’ ಎನ್ನುತ್ತಾರೆ. ಎಂಡೋಸ್ಕೋಪಿ ಆಗುತ್ತದೆ, ಸ್ಕ್ಯಾನಿಂಗ್ ಆಗುತ್ತದೆ, ಮುಟ್ಟು ನಿಂತದ್ದಕ್ಕೆ ಸ್ತ್ರೀರೋಗ ತಜ್ಞರಿಂದ ಹಾರ್ಮೋನ್ ಮಾತ್ರೆ, ನಡುವೆ ದೃಷ್ಟಿ ತೆಗೆಸಿ ಹರಕೆ ಹೊತ್ತದ್ದೂ ಆಗುತ್ತದೆ. ಮನೋವೈದ್ಯರ ಬಳಿ ಬರುವ ಹೊತ್ತಿಗೆ ಅಮೂಲ್ಯ ತಿಂಗಳುಗಳು ಕಳೆದಿರುತ್ತವೆ. ಬೆಂಗಳೂರಿನ ನಿಮ್ಹಾನ್ಸ್‌ನ ಪ್ರಭಾ ಚಂದ್ರ ಮತ್ತು ಸಂಗಡಿಗರು ನಗರದ ಮನೋವೈದ್ಯರನ್ನು ಸಮೀಕ್ಷೆ ಮಾಡಿ 2012ರಲ್ಲಿ ಪ್ರಕಟಿಸಿದರು. ಉತ್ತರಿಸಿದವರಲ್ಲಿ ಮೂರರಲ್ಲಿ ಎರಡು ಪಾಲು ವೈದ್ಯರು ಇಂಥ ರೋಗಿಯನ್ನು ಒಬ್ಬರನ್ನಾದರೂ ಕಂಡಿದ್ದರು. ಬಾಲಿವುಡ್ ನಟಿ ರಿಚಾ ಚಡ್ಡಾ ತನಗೆ ಬುಲಿಮಿಯಾ ಇದ್ದದ್ದನ್ನು ವೇದಿಕೆಯ ಮೇಲೆಯೇ ಹೇಳಿಕೊಂಡಿದ್ದಾರೆ.

ಗಂಡಸರ ಸಂಗತಿ ಇನ್ನೂ ಮಬ್ಬು. ಅಮೆರಿಕದ ದೊಡ್ಡ ಸಮೀಕ್ಷೆಯೊಂದರಲ್ಲಿ ಜೀವಮಾನದಲ್ಲಿ ಎಂದಾದರೂ ಬಿಂಜ್ ಈಟಿಂಗ್‌ಗೆ ಒಳಗಾದ ಹೆಂಗಸರು ಶೇ 3.5 ಇದ್ದರೆ ಗಂಡಸರು ಶೇ 2. ಆದರೆ ಜಿಮ್ಮಿಗೆ ದಿನಕ್ಕೆರಡು ಸಲ ಹೋಗಿ, ಕೋಳಿಯೆದೆ ತೂಗಿ ತಿಂದು, ಒಂದು ದಿನ ತಪ್ಪಿದರೆ ನಿದ್ದೆಗೆಡುವ ಹುಡುಗನನ್ನು ನಾವು ಶಿಸ್ತಿನ ಮಾದರಿಯಾಗಿ ತೋರಿಸುತ್ತೇವೆ.

ವ್ರತದ ವಿಷಯದಲ್ಲಿ ಎಚ್ಚರಿಕೆಯಿಂದ ಮಾತಾಡಬೇಕು. ಸೋಮವಾರ ಒಪ್ಪತ್ತು, ಶನಿವಾರ ಫಲಾಹಾರ, ಏಕಾದಶಿ ನಿರಾಹಾರ ಮಾಡುವವರೆಲ್ಲ ರೋಗಿಗಳಲ್ಲ. ಆದರೆ ಏಕಾದಶಿಗೆ ದ್ವಾದಶಿಯ ಪಾರಣೆ ಇದೆ, ರಂಜಾನ್ ಉಪವಾಸಕ್ಕೆ ಸಂಜೆಯ ಇಫ್ತಾರ್ ಇದೆ. ಹೊತ್ತು ಬಂದಾಗ ಉಪವಾಸಿಗರು ಸಂತೋಷವಾಗಿ, ನಾಲ್ಕು ಜನರ ಜೊತೆ ಕೂತು ಉಣ್ಣುತ್ತಾರೆ. ವಾರಕ್ಕೊಂದಿದ್ದ ವ್ರತ ಮೂರಾಗಿ, ಪಾರಣೆಯ ಹೊತ್ತಿಗೆ ಹೊಟ್ಟೆನೋವು ಬರತೊಡಗಿದರೆ ಮನೆಯವರು ಕಿವಿ ನಿಮಿರಿಸಬೇಕು. ಪಿಸಿಒಡಿ ಇರುವ ಹುಡುಗಿಗೆ ವೈದ್ಯರು ಒಂದೇ ಸಾಲಿನಲ್ಲಿ ‘ಮೊದಲು ತೂಕ ಇಳಿಸಮ್ಮ’ ಎಂದು ಕಳಿಸುವುದೂ ಇಷ್ಟೇ ಎಚ್ಚರಿಕೆಯಿಂದ ನೋಡಬೇಕಾದ ಮಾತು. ಅಂಥವರಲ್ಲಿ ಈ ಕಾಯಿಲೆಯ ಸಂಭವ ಉಳಿದವರಿಗಿಂತ ಹೆಚ್ಚು.

ಅಡುಗೆಮನೆಯಲ್ಲಿ ಚಿಕಿತ್ಸೆ

ಹಿಂದೆ ಅನೊರೆಕ್ಸಿಯಾ ರೋಗಿಯನ್ನು ತಂದೆತಾಯಿಯಿಂದ ದೂರವಿಡುವುದೇ ಚಿಕಿತ್ಸೆಯಾಗಿತ್ತು. ಎಂಬತ್ತರ ದಶಕದಲ್ಲಿ ಲಂಡನ್ನಿನ ಮಾಡ್‌ಸ್ಲಿ ಆಸ್ಪತ್ರೆಯ ತಂಡ ಅದನ್ನು ತಿರುವು ಮುರುವು ಮಾಡಿತು. ಮಗು ತಿನ್ನುವ ಜವಾಬ್ದಾರಿಯನ್ನು ಕೆಲವು ತಿಂಗಳು ಪೂರ್ತಿಯಾಗಿ ಅಪ್ಪ ಅಮ್ಮನೇ ಹೊರುತ್ತಾರೆ. ಏನು, ಎಷ್ಟು, ಎಷ್ಟು ಹೊತ್ತಿಗೆ ಎಂದು ಅವರು ನಿರ್ಧರಿಸುತ್ತಾರೆ, ಪಕ್ಕದಲ್ಲಿ ಕೂತು ತಿನ್ನಿಸುತ್ತಾರೆ. ಬೈಯುವುದಿಲ್ಲ, ಚೌಕಾಸಿ ಮಾಡುವುದಿಲ್ಲ, ಎದ್ದು ಹೋಗುವುದೂ ಇಲ್ಲ. ತೂಕ ಮರಳಿದ ಮೇಲೆ ಹಂತಹಂತವಾಗಿ ಜವಾಬ್ದಾರಿಯನ್ನು ಮಗುವಿಗೆ ಬಿಟ್ಟುಕೊಡುತ್ತಾರೆ. 19 ವರ್ಷದೊಳಗೆ ಕಾಯಿಲೆ ಶುರುವಾಗಿ ಮೂರು ವರ್ಷ ದಾಟಿರದವರಿಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆಂದು 1987ರಲ್ಲೇ ತಿಳಿಯಿತು. ಅಮೆರಿಕದಲ್ಲಿ 121 ಹದಿಹರೆಯದವರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಹೋಲಿಕೆಯಲ್ಲಿ, ಚಿಕಿತ್ಸೆ ಮುಗಿದು ವರ್ಷವಾದಾಗ ಈ ವಿಧಾನದವರಲ್ಲಿ ಶೇ 49 ಮಂದಿ ಚೇತರಿಸಿಕೊಂಡಿದ್ದರು. ಒಬ್ಬರೇ ಕೂತು ಸಮಾಲೋಚನೆ ಪಡೆದವರಲ್ಲಿ ಶೇ 23.

ನಮ್ಮ ಮನೆಗಳಿಗೆ ಇದು ಹೇಳಿಮಾಡಿಸಿದಂತಿದೆ ಎಂದು ಮೊದಲ ನೋಟಕ್ಕೆ ಅನಿಸುತ್ತದೆ. ಉಣ್ಣಿಸುವುದು ನಮಗೆ ಕಲಿಸಬೇಕಾದ ವಿದ್ಯೆಯೇ? ತೊಡಕು ಬೇರೆ ಕಡೆ ಇದೆ. ಅಪ್ಪ ತಟ್ಟೆ ಮುಂದೆ ಇಟ್ಟುಕೊಂಡು ಕೂತಿರುವಾಗ ಅಜ್ಜಿ ಬಂದು ‘ಪಾಪ, ಅಳ್ತಿದೆ, ಬಿಟ್ಟುಬಿಡೋ’ ಎನ್ನುತ್ತಾಳೆ. ಅಜ್ಜಿಯನ್ನೂ ಚಿಕಿತ್ಸೆಯ ಮೊದಲ ದಿನವೇ ಕರೆದುಕೊಂಡು ಹೋಗುವುದು ಜಾಣತನ.

ಬುಲಿಮಿಯಾ, ಬಿಂಜ್ ಈಟಿಂಗ್‌ಗಳಿಗೆ ಆಕ್ಸ್‌ಫರ್ಡಿನ ಕ್ರಿಸ್ಟೋಫರ್ ಫೇರ್‌ಬರ್ನ್ ರೂಪಿಸಿದ ಮಾತಿನ ಚಿಕಿತ್ಸೆ ಹೆಚ್ಚು ಬಳಕೆಯಲ್ಲಿದೆ, ಸುಮಾರು 20 ಭೇಟಿಗಳದ್ದು. ಅದರ ಬುಡದಲ್ಲಿರುವುದು ಹೊತ್ತುಹೊತ್ತಿಗೆ ಉಣ್ಣುವುದು, ಏಕೆಂದರೆ ಹಗಲಿನ ಉಪವಾಸವೇ ರಾತ್ರಿಯ ಡಬ್ಬಿಯನ್ನು ತೆರೆಸುತ್ತದೆ. ಬುಲಿಮಿಯಾಗೆ ಫ್ಲುಯೊಕ್ಸೆಟಿನ್ ಮಾತ್ರೆ ನೆರವಾಗುತ್ತದೆ. ಅನೊರೆಕ್ಸಿಯಾಗೆ ಊಟವೇ ಮೊದಲ ಮದ್ದು. ಆದರೆ ಬಹಳ ಸೊರಗಿದವರಿಗೆ ಮನೆಯಲ್ಲೇ ಒಮ್ಮೆಲೇ ಹೊಟ್ಟೆ ತುಂಬ ಹಾಕಬಾರದು. ರಕ್ತದ ಫಾಸ್ಫೇಟ್ ದಿಢೀರನೆ ಕುಸಿದು ಜೀವಕ್ಕೆ ಎರವಾಗಬಹುದು. ಎರಡನೇ ಮಹಾಯುದ್ಧ ಮುಗಿದು ಬಿಡುಗಡೆಯಾದ ಕೈದಿಗಳಲ್ಲಿ ಕೆಲವರು ಸತ್ತದ್ದು ಹೀಗೆ, ಹಸಿವಿನಿಂದ ಪಾರಾದ ಮೇಲೆ.

ಒಂಬತ್ತು ವರ್ಷ, ಇಪ್ಪತ್ತೆರಡು ವರ್ಷ

ಗುಣವಾಗುತ್ತದೆಯೇ? 119 ಅಧ್ಯಯನಗಳನ್ನು ಕೂಡಿಸಿ 2002ರಲ್ಲಿ ಸಿಕ್ಕ ಉತ್ತರ ಅಷ್ಟೇನೂ ಹಿತವಾಗಿರಲಿಲ್ಲ: ಅನೊರೆಕ್ಸಿಯಾದವರಲ್ಲಿ ಅರ್ಧಕ್ಕಿಂತ ತುಸು ಕಡಿಮೆ ಜನ ಪೂರ್ತಿ ಗುಣ, ಮೂರನೇ ಒಂದು ಭಾಗ ಸುಧಾರಣೆ, ಐದನೇ ಒಂದು ಭಾಗ ದೀರ್ಘಕಾಲದ ನರಳಾಟ. ಆದರೆ ಅಮೆರಿಕದ ಬಾಸ್ಟನ್ನಿನಲ್ಲಿ ಒಂದೇ ಗುಂಪಿನ ರೋಗಿಗಳನ್ನು ಇನ್ನಷ್ಟು ಕಾಲ ಬೆನ್ನುಹತ್ತಿದವರು ಬೇರೆಯದನ್ನು ಕಂಡರು. ಒಂಬತ್ತು ವರ್ಷವಾದಾಗ ಅನೊರೆಕ್ಸಿಯಾದವರಲ್ಲಿ ಶೇ 31.4 ಮಂದಿ ಮಾತ್ರ ಗುಣವಾಗಿದ್ದರು. 22 ವರ್ಷವಾದಾಗ ಅದು ಶೇ 62.8. ಬುಲಿಮಿಯಾದವರು ಒಂಬತ್ತನೇ ವರ್ಷಕ್ಕೇ ಶೇ 68.2 ಮುಟ್ಟಿ ಅಲ್ಲೇ ನಿಂತಿದ್ದರು. ಹತ್ತು ವರ್ಷ ಕಾಯಿಲೆಯಲ್ಲಿದ್ದವರನ್ನು ಕೈಬಿಡುವುದಕ್ಕೆ ಈ ಅಂಕಿಗಳಲ್ಲಿ ಯಾವ ಸಮರ್ಥನೆಯೂ ಇಲ್ಲ.

ಗುಣ ಎಂದರೇನು ಎಂಬ ಪ್ರಶ್ನೆಯೂ ಇದೆ. ತೂಕ ಬಂದು, ಮುಟ್ಟು ಬಂದು, ವಾಂತಿ ನಿಂತ ಮೇಲೂ ತಲೆಯೊಳಗಿನ ಲೆಕ್ಕ ನಡೆಯುತ್ತಲೇ ಇರುವವರಿದ್ದಾರೆ. ಬಾರ್ಡೋನ್-ಕೋನ್ ಎಂಬ ಸಂಶೋಧಕಿ ಮತ್ತು ಸಂಗಡಿಗರು 2010ರಲ್ಲಿ ದೇಹ, ನಡವಳಿಕೆ, ಯೋಚನೆ ಮೂರರಲ್ಲೂ ಹೊರಬಂದವರನ್ನು ಮಾತ್ರ ‘ಪೂರ್ತಿ ಗುಣ’ ಎಂದು ಎಣಿಸಿ ನೋಡಿದರು. ಊಟ ಮತ್ತು ಮೈಯ ಕುರಿತ ಅಳತೆಗಳಲ್ಲಿ ಅಂಥವರಿಗೂ, ಎಂದೂ ಕಾಯಿಲೆ ಬಾರದವರಿಗೂ ವ್ಯತ್ಯಾಸವೇ ಸಿಗಲಿಲ್ಲ. ಯೋಚನೆಯೊಂದು ಮಾತ್ರ ಹಿಂದೆ ಉಳಿದವರು ಕೆಲವು ಅಳತೆಗಳಲ್ಲಿ ಪೂರ್ತಿ ಗುಣವಾದವರಿಗೂ ಇನ್ನೂ ಕಾಯಿಲೆಯಲ್ಲಿರುವವರಿಗೂ ನಡುವೆ ಎಲ್ಲೋ ಇದ್ದರು. ತೂಕ ಸರಿಹೋದ ದಿನವೇ ಚಿಕಿತ್ಸೆ ನಿಲ್ಲಿಸುವವರು ಇವರನ್ನು ಅರ್ಧದಾರಿಯಲ್ಲಿ ಇಳಿಸಿಬಿಡುತ್ತಾರೆ.

ಎಲ್ಲಿಂದ ಶುರು

ಅನುಮಾನವಿದ್ದರೆ ಮೊದಲು ಮನೆಯ ಪರಿಚಿತ ವೈದ್ಯರಾದರೂ ಸರಿ. ಮಲಗಿದಾಗ ಮತ್ತು ಎದ್ದು ನಿಂತಾಗ ನಾಡಿ, ರಕ್ತದೊತ್ತಡ, ಒಂದು ಇಸಿಜಿ, ರಕ್ತದಲ್ಲಿ ಪೊಟ್ಯಾಸಿಯಂ ಮತ್ತು ಫಾಸ್ಫೇಟ್ ನೋಡಿ ಎಂದು ಕೇಳಿ. ವರದಿ ಸರಿಯಾಗಿಯೇ ಬಂದರೂ ಕಾಯಿಲೆ ಇರಬಹುದು, ಬಹಳ ಕಾಲ ದೇಹ ಅದನ್ನು ಮುಚ್ಚಿಡುತ್ತದೆ. ತಲೆಸುತ್ತಿ ಬಿದ್ದರೆ, ಎದೆ ಡವಗುಟ್ಟಿದರೆ, ಸಾಯುವ ಮಾತಾಡಿದರೆ ಕಾಯಬೇಡಿ, ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.

ಮನೋವೈದ್ಯರು ಜಿಲ್ಲಾಸ್ಪತ್ರೆಗಳಲ್ಲಿದ್ದಾರೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಇದೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿಗಾದರೂ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಆಸ್ಪತ್ರೆಗೆ ಸೇರಿಸಬೇಕಾಗಿ ಬಂದರೆ ವಿಮೆಯ ಪ್ರಶ್ನೆ ಏಳುತ್ತದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ದೇಹದ ಕಾಯಿಲೆಗೆ ಕೊಡುವ ವಿಮೆಯನ್ನು ಮನಸ್ಸಿನ ಕಾಯಿಲೆಗೂ ಅದೇ ಆಧಾರದ ಮೇಲೆ ಕೊಡಬೇಕು. ಕಂಪನಿ ಒಪ್ಪದಿದ್ದರೆ ಲಿಖಿತ ಕಾರಣ ಕೇಳಿ ಪಡೆಯಿರಿ. ಆ ಕಾಗದ ಹಿಡಿದು ವಿಮಾ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಬೆಂಗಳೂರಿನಲ್ಲೇ ಅವರ ಕಚೇರಿಯಿದೆ.